ಸಾಲು ತಪ್ಪಿದ ಹಲ್ಲು

ಮಗಳ ಮದುವೆಯ ಊಟವಿದ್ದ ದಿನ ಬೆಳಿಗ್ಗೆ ಅವನು ಇನ್ನೂರು ಜನರ ಮುಂದೆ ನಿಂತು, ಒಮ್ಮೆಯೂ ತಡವರಿಸದೆ, ನಡುವೆ ಒಂದು ತಮಾಷೆಯನ್ನೂ ಸೇರಿಸಿ, ಭರ್ಜರಿಯಾಗಿ ಮಾತಾಡಿದ. ಆ ಇನ್ನೂರು ಜನರಲ್ಲಿ ಒಬ್ಬರಿಗೂ ಜೀವವಿರಲಿಲ್ಲ ಎಂಬುದೊಂದೇ ಕೊರತೆ. ಅವರೆಲ್ಲ ಇದ್ದದ್ದು ಅವನ ಕಣ್ಣಿಗೆ ಬಿಗಿದಿದ್ದ ಕಪ್ಪು ವಿ.ಆರ್. ಡಬ್ಬಿಯೊಳಗೆ. ಕೌನ್ಸೆಲರ್ ಮೇಡಂ ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಆಕಳಿಸುತ್ತಿದ್ದರು, ಇನ್ನೊಂದು ಒತ್ತಿದರೆ ತಮ್ಮತಮ್ಮಲ್ಲೇ ಪಿಸುಗುಡುತ್ತಿದ್ದರು, ಮತ್ತೊಂದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ಮರ್ಯಾದಸ್ಥ ಜನ ಡಬ್ಬಿಯ ಹೊರಗೆ ಯಾಕೆ ಸಿಗುವುದಿಲ್ಲವೋ ಎಂದು ಅವನಿಗೆ ಈಚೆಗೆ ಬೇಸರವಾಗತೊಡಗಿತ್ತು. ಬಸ್ಸಿನಲ್ಲಿ ಪಕ್ಕದವನು ಟೈಮೆಷ್ಟು ಎಂದು ಕೇಳಿದರೆ ಬೆವರುವ ಮನುಷ್ಯ, ಡಬ್ಬಿಯವರನ್ನು ಮಾತ್ರ ಸ್ವಂತ ನೆಂಟರಿಗಿಂತ ಹೆಚ್ಚಾಗಿ ನೆನೆಸಿಕೊಳ್ಳುತ್ತಿದ್ದ. ಮೊದಲ ದಿನ ಮೇಡಂ ತೋರಿಸಿದ್ದು ಬರೀ ಖಾಲಿ ಕುರ್ಚಿಗಳ ಸಭಾಂಗಣ. ಅದನ್ನು ಕಂಡೇ ಅವನ ಕೈಕಾಲು ತಣ್ಣಗಾಗಿದ್ದವು. “ಯಾರೂ ಇಲ್ವಲ್ಲ ಸರ್, ಯಾಕೆ ಭಯ?” ಎಂದು ಮೇಡಂ ಕೇಳಿದ್ದರು. “ಯಾರಾದ್ರೂ ಬಂದ್ಬಿಟ್ರೆ ಮೇಡಂ?” ಎಂದಿದ್ದ. ಮೇಡಂ ಏನನ್ನೋ ಟೈಪ್ ಮಾಡಿಕೊಂಡಿದ್ದರು. ಅವರು ಟೈಪ್ ಮಾಡಿದಾಗಲೆಲ್ಲ ತನ್ನ ಕಾಯಿಲೆಗೆ ಹೊಸದೊಂದು ಹೆಸರು ಸೇರಿಕೊಂಡಿತು ಎಂದು ಅವನಿಗೆ ಅನಿಸುತ್ತಿತ್ತು.

ಅವನು ಹಲ್ಲು ಕಟ್ಟುವವನು. ಹಾಗೆಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಲ್ಯಾಬಿನ ಹಿಂದುಗಡೆಯ ಕೋಣೆಯಲ್ಲಿ ಕೂತು, ಪ್ಲಾಸ್ಟರಿನ ದವಡೆಯ ಮೇಲೆ ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಬಾಯಿದ್ದವರು ಯಾರೂ ಆ ಕೋಣೆಗೆ ಬರುವುದಿಲ್ಲ. ಅವನಂಥವನಿಗೆ ಇದಕ್ಕಿಂತ ಹೇಳಿಮಾಡಿಸಿದ ಕೆಲಸ ಇನ್ನೊಂದಿರಲಿಲ್ಲ. ಊರಿನ ಅರ್ಧಕ್ಕರ್ಧ ಮುದುಕರು ಅವನು ಕಟ್ಟಿದ ಹಲ್ಲಿನಿಂದಲೇ ಅಗಿಯುತ್ತಿದ್ದರು, ನಗುತ್ತಿದ್ದರು, ಸೊಸೆಯರನ್ನು ಬೈಯುತ್ತಿದ್ದರು; ಅವರಲ್ಲಿ ಒಬ್ಬರ ಮುಖವನ್ನೂ ಅವನು ನೆಟ್ಟಗೆ ನೋಡಿದವನಲ್ಲ. “ಸ್ಕೇಲಿಟ್ಟು ಗೆರೆ ಎಳೆದ ಹಾಗಿರ್ಲಿ ಕಣ್ರೀ ಸಾಲು, ಜನ ಅದನ್ನೇ ಕೇಳೋದು” ಎಂದು ಲ್ಯಾಬಿನ ಯಜಮಾನ ಗೊಣಗುತ್ತಿದ್ದ. ಅವನು ಹೂಂ ಎಂದು ತಲೆಯಾಡಿಸಿ ತನಗೆ ಬೇಕಾದ್ದನ್ನೇ ಮಾಡುತ್ತಿದ್ದ: ಮೇಲಿನ ಸಾಲಿನಲ್ಲಿ, ಎಡಗಡೆ, ಕೋರೆಹಲ್ಲಿನ ಪಕ್ಕದ್ದೊಂದನ್ನು ಕೂದಲೆಳೆಯಷ್ಟು ತಿರುಗಿಸಿ ಮುಂದಿನ ಹಲ್ಲಿಗೆ ಒರಗಿಸುವುದು. ಆಗಲೇ ಅದು ಬಾಯಿ, ಇಲ್ಲದಿದ್ದರೆ ಅಂಗಡಿಯ ಶೋಕೇಸು. ಡಬ್ಬಿಯ ಜನರನ್ನು ಮಾಡಿದ ಮೇಧಾವಿಗಳಿಗೆ ಇಷ್ಟೂ ತಿಳಿದಿರಲಿಲ್ಲ. ಗಂಡಸು ಹೆಂಗಸು ಮುದುಕ ಎನ್ನದೆ ಇನ್ನೂರು ಜನಕ್ಕೂ ಒಂದೇ ಸೆಟ್ಟು ತುರುಕಿದ್ದರು. ಅವರು ಹಲ್ಲು ಬಿಟ್ಟಾಗಲೆಲ್ಲ ಅವನ ಭಯ ಇಳಿಯುತ್ತಿತ್ತು. ಇಷ್ಟು ಕಳಪೆ ಕೆಲಸಕ್ಕೆ ಹೆದರುವುದುಂಟೇ? ಮೇಡಂ ಇದನ್ನು ತಮ್ಮ ಚಿಕಿತ್ಸೆಯ ಗೆಲುವೆಂದು ತಿಳಿದರು. ಅವನೂ ತಿದ್ದಲು ಹೋಗಲಿಲ್ಲ. ತಿದ್ದಬೇಕಾದರೆ ಮಾತಾಡಬೇಕಿತ್ತು.

ಆ ವಾರೆ ಹಲ್ಲು ಮಗಳದು. ಆಗ ಅವಳು ಹನ್ನೆರಡರ ಹುಡುಗಿ, ಕೈತೊಳೆಯುವ ಬೇಸಿನ್ನಿನ ಕನ್ನಡಿಯ ಮುಂದೆ ತುಟಿ ಮೇಲೆತ್ತಿ ನಿಂತಿದ್ದಾಳೆ. “ಅಪ್ಪಾ, ನನ್ನ ಹಲ್ಲು ಅಸಹ್ಯವಾಗಿದೆಯಾ? ಕ್ಲಾಸಲ್ಲಿ ಎಲ್ಲರೂ ಆಡ್ಕೊಂಡು ನಗ್ತಾರೆ.” ಅವನು ನೋಡಿದ. ಕಸುಬಿನ ಕಣ್ಣಿನಿಂದ ನೋಡಿದ. ಅಷ್ಟು ಲಕ್ಷಣವಾಗಿ ಸಾಲು ತಪ್ಪಿದ ಹಲ್ಲನ್ನು ಆವರೆಗೆ ಯಾವ ಅಚ್ಚಿನಲ್ಲೂ ಕಂಡಿರಲಿಲ್ಲ; ಇಡೀ ಮುಖಕ್ಕೆ ಕಳೆ ಕೊಡುತ್ತಿದ್ದುದೇ ಅದು. ಹಾಗೆಂದು ಹೇಳಬೇಕು. ಹೇಳಲು ಬಾಯಿ ತೆರೆದ. ಯಾವ ಮಾತಿನಿಂದ ಶುರುಮಾಡುವುದು, “ಚೆನ್ನಾಗಿದೆ” ಎಂದರೆ ಸಮಾಧಾನಕ್ಕೆ ಅಂದ ಹಾಗಾಗುತ್ತದೆ, “ಲಕ್ಷಣ” ಎಂದರೆ ನಾಟಕದ ಮಾತಾಗುತ್ತದೆ, ಎಂದು ಒಳಗೊಳಗೇ ತೂಗುತ್ತ ನಿಂತ. ಅಷ್ಟರಲ್ಲಿ ಅವಳು ತುಟಿ ಮುಚ್ಚಿಕೊಂಡು ಹೊರಟುಹೋಗಿದ್ದಳು. ಹಲ್ಲಿನ ಕೆಲಸದ ಅಪ್ಪನೇ ಸುಮ್ಮನಾದ ಮೇಲೆ ಇನ್ನು ಕೇಳುವುದೇನು? ಅಂದಿನಿಂದ ಅವಳು ನಗುವುದು ಕೈ ಅಡ್ಡ ಹಿಡಿದೇ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಅವನು ಕಾಲ ತಳ್ಳಿದ. ಅವಳು ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ಹುಡುಗನನ್ನೂ ತಾನೇ ನೋಡಿಕೊಂಡು, ಮದುವೆಯನ್ನೂ ಮಾಡಿಕೊಂಡಳು. ನಾಲಿಗೆ ಮಾಡದ ಕೆಲಸವನ್ನು ಅವನ ಕೈ ಮಾಡುತ್ತ ಬಂದಿತ್ತು. ಯಾರ ಅಚ್ಚು ಬಂದರೂ ಆ ಜಾಗದಲ್ಲಿ ಅವಳ ಹಲ್ಲು ಕೂರುತ್ತಿತ್ತು. ಅದನ್ನು ನೋಡಿ ವರ್ಷಗಳೇ ಆಗಿದ್ದವು, ನೆನಪಿನಿಂದಲೇ ಕೂರಿಸುತ್ತಿದ್ದ.

“ಅಪ್ಪ, ಊಟದ ದಿನ ನೀನು ಎರಡು ಮಾತಾಡ್ಬೇಕು. ಎರಡೇ ಎರಡು. ಮಾವ ಬೇಡ” ಎಂದು ಮಗಳು ಹೇಳಿದಾಗ ಅವನ ಹೆಂಡತಿ, “ಅಯ್ಯೋ, ಅವರ ಕೈಲೆಲ್ಲಿ ಆಗತ್ತೆ, ನನ್ನ ತಮ್ಮ ಇದಾನಲ್ಲ” ಎಂದು ಆ ಕ್ಷಣದಲ್ಲೇ ಸಮಸ್ಯೆ ಬಗೆಹರಿಸಿದ್ದಳು. ಹೆಂಡತಿಯ ತಮ್ಮನನ್ನು ಮನೆಮಂದಿಯೆಲ್ಲ ಹಿಂದಿನಿಂದ ಕರೆಯುವುದು ಮೈಕಾಸುರ ಎಂದು. ನಾಮಕರಣವಿರಲಿ, ಸಂತಾಪಸಭೆಯಿರಲಿ, ಮೈಕು ಕಂಡರೆ ಅವನ ಕಾಲು ತಾವಾಗಿಯೇ ಅತ್ತ ನಡೆಯುತ್ತವೆ. “ನಮ್ಮ ಭಾವನವರು ಊರಿಗೆಲ್ಲ ಬಾಯಿ ಕೊಡ್ತಾರೆ, ತಮಗೊಂದು ಇಟ್ಕೊಳ್ಳೋದು ಮರೆತಿದಾರೆ” ಎಂಬ ಅವನ ಚಟಾಕಿಗೆ ಪ್ರತಿ ಸಮಾರಂಭದಲ್ಲೂ ಹೊಸದಾಗಿ ನಗಬೇಕಿತ್ತು. ಹೀಗೆ ಹೇಳುವ ಬಾಯಿಯ ಮೇಲ್ಸಾಲಿನ ಹಲ್ಲು ಆ ಭಾವನೇ ಕಟ್ಟಿಕೊಟ್ಟದ್ದು. ತನ್ನ ಕೈಯಾರೆ ಹೊಳಪು ಕೊಟ್ಟ ಹಲ್ಲುಗಳೇ ತನ್ನನ್ನು ನೋಡಿ ಕಿರಿಯುವುದನ್ನು ಅವನು ತಟ್ಟೆ ನೋಡುತ್ತ ಸಹಿಸಿಕೊಂಡಿದ್ದ. ಈ ಸಲ ಮಗಳು ಪಟ್ಟು ಬಿಡಲಿಲ್ಲ. ಮಾತಿನ ಭಯ ಬಿಡಿಸುವ ಮೇಡಂ ಕ್ಲಿನಿಕ್ಕಿಗೆ ತಾನೇ ಕರೆದುಕೊಂಡು ಹೋಗಿ ಸೇರಿಸಿದಳು. ಯಾರಿಗೂ, ಮುಖ್ಯವಾಗಿ ಗಂಡನ ಮನೆಯವರಿಗೆ, ಹೇಳಕೂಡದೆಂದು ಅವನು ಆಣೆ ಮಾಡಿಸಿಕೊಂಡ. “ಆಯ್ತಪ್ಪ, ಆಣೆ” ಎನ್ನುವಾಗ ಅವಳ ಕೈ ಯಾಕೋ ಬಾಯಿಗೆ ಅಡ್ಡ ಬಂದಿತ್ತು.

ಗಂಡನ ಮನೆಯೆಂದರೆ ಹುಡುಗ ಮತ್ತು ಅವನ ಅಪ್ಪ, ಇಬ್ಬರೇ. ಬೀಗರು ಲಿಫ್ಟು ರಿಪೇರಿಯವರಂತೆ. ಅವರನ್ನು ಅವನು ಭೇಟಿಯಾದದ್ದು ಒಂದೇ ಸಲ, ಭೇಟಿ ಎನ್ನಬಹುದಾದರೆ. ಸೋಫಾದ ಮೇಲೆ ಎದುರುಬದುರು ಕೂತಿದ್ದಷ್ಟು ಹೊತ್ತೂ ಅವನು ನೋಡಿದ್ದು ಬೀಗರ ಷೂಗಳನ್ನು: ಕಂದು ಬಣ್ಣದವು, ಒಂದಕ್ಕೆ ಕಂದು ಲೇಸು, ಇನ್ನೊಂದಕ್ಕೆ ಕರಿಯದು. ಬೀಗರು ತುಟಿಪಿಟಕ್ಕೆನ್ನಲಿಲ್ಲ. ಹಲ್ಲು ಕಟ್ಟುವವನ ಮಗಳೆಂಬ ತಾತ್ಸಾರ ಇದ್ದೀತು ಎಂದು ಅವನು ಲೆಕ್ಕ ಹಾಕಿದ; ತಾನೂ ಬಾಯಿ ಬಿಟ್ಟಿರಲಿಲ್ಲವೆಂಬುದು ಲೆಕ್ಕಕ್ಕೆ ಬರಲಿಲ್ಲ. ಹೋದ ವಾರ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಾಗ ಎರಡೂ ಕಡೆಯ ಅಪ್ಪಂದಿರಿಗೆ ಒಂದೇ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು. ಸಾಕ್ಷಿಗೆ ಗೆಳೆಯರೇ ಸಹಿ ಹಾಕಿದರು.

“ಸರ್, ಇನ್ನು ಕೊನೇ ಹಂತ” ಎಂದು ಮೇಡಂ ಡಬ್ಬಿ ಬಿಚ್ಚಿ ಒಂದು ದಪ್ಪ ಫ್ರೇಮಿನ ಕನ್ನಡಕ ಕೊಟ್ಟರು. “ಇದ್ರಲ್ಲಿ ನಮ್ಮ ನಿಜವಾದ ರೂಮೇ ಕಾಣತ್ತೆ. ಆದ್ರೆ ಕುರ್ಚಿಗಳ ಮೇಲೆ ಕೂತಿರೋರಲ್ಲಿ ಕೆಲವರು ನಿಜವಾದೋರು, ಕೆಲವರು ಕನ್ನಡಕದೋರು. ಯಾರು ಯಾರು ಅಂತ ಪತ್ತೆ ಹಚ್ಚೋಕೆ ಹೋಗ್ಬೇಡಿ. ಯಾರ ಹತ್ರನಾದ್ರೂ ಕೂತು ಮನಸ್ಸಲ್ಲಿರೋದನ್ನ ಮಾತಾಡಿ.” ಅವನು ಹೂಂ ಎಂದ. ಯಜಮಾನನಿಗೆ ಹೇಳುವ ಹೂಂ. ಪಕ್ಕದ ಕೋಣೆಯೊಳಕ್ಕೆ ಕಾಲಿಡುತ್ತಿದ್ದಂತೆ ಪತ್ತೆ ಹಚ್ಚತೊಡಗಿದ. ಎಲ್ಲರ ಮುಖಕ್ಕೂ ನೀಲಿ ಛಾಯೆ ಬಳಿದಿದ್ದರಿಂದ ಚರ್ಮ ನೋಡಿ ಹೇಳುವ ಹಾಗಿರಲಿಲ್ಲ. ಕಣ್ಣು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಬಾಯಿಗಳನ್ನು ನೋಡುತ್ತ ಬಂದ. ಕಿಟಕಿಯ ಹತ್ತಿರದ ಹೆಂಗಸಿನ ಕೆಳಸಾಲು ಒತ್ತೊತ್ತಾಗಿ ಬೆಳೆದದ್ದು. ಅಂದರೆ ನಿಜ, ಅಪಾಯ. ಬಾಗಿಲ ಬಳಿಯವನ ಮುಂದಿನ ಹಲ್ಲು ಮುಕ್ಕಾಗಿತ್ತು, ಅವನೂ ನಿಜ. ಮೂಲೆಯ ಕುರ್ಚಿಯ ದಪ್ಪ ಕನ್ನಡಕದ ಮನುಷ್ಯ ಮಾತ್ರ ಇವನನ್ನು ನೋಡಿ ಪಕ್ಕನೆ ಹಲ್ಲು ಬಿಟ್ಟ, ಮರುಕ್ಷಣವೇ ಮುಚ್ಚಿದ. ಅಷ್ಟು ಸಾಕಾಯಿತು. ಸ್ಕೇಲಿಟ್ಟು ಎಳೆದ ಸಾಲು. ಕಟ್ಟಿಸಿದ ಹಲ್ಲಿರಬಹುದೇ ಎಂಬ ಅನುಮಾನ ಸುಳಿದದ್ದು ನಿಜ, ಆದರೆ ಅನ್ನ ತಿನ್ನುವ ಯಾವ ಕೆಲಸಗಾರನೂ ಹೀಗೆ ಕಟ್ಟಲಾರ ಎಂದು ಅವನ ಕಸುಬಿನ ಗರ್ವ ಅದನ್ನು ಅಲ್ಲಿಯೇ ಹೊಸಕಿಹಾಕಿತು. ಕನ್ನಡಕದವರಿಗೂ ಕನ್ನಡಕ ಹಾಕಿಸಿದ್ದಾರೆ, ಭಲೇ ಎಂದುಕೊಂಡ. ತನ್ನ ಮುಖದ ಮೇಲಿರುವುದು ತನಗೆ ಕಾಣುವುದಿಲ್ಲವಾದ್ದರಿಂದ ಎರಡೂ ಒಂದೇ ಎಂದು ಹೊಳೆಯಲಿಲ್ಲ. ಹೋಗಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ.

“ನೋಡಿ, ನಿಮಗೆ ಹೇಳೋಕೆ ಏನು ಭಯ” ಎಂದು ಶುರುಮಾಡಿದವನಿಗೆ ತಡೆಯೇ ಇಲ್ಲವಾಯಿತು. “ಇವತ್ತು ಸಾಯಂಕಾಲ ಮಗಳ ಮದುವೆ ಊಟ. ನಮ್ಮ ಬೀಗರು ಅಂತ ಒಬ್ರಿದಾರೆ. ನನ್ನ ಎದುರಿಗೆ ಅಷ್ಟು ಹೊತ್ತು ಕೂತಿದ್ದು ಒಂದಕ್ಷರ ಆಡ್ಲಿಲ್ಲ ಕಣ್ರೀ. ಏನು ಜಂಬ! ಲಿಫ್ಟು ರಿಪೇರಿ ಮಾಡಿ ಮಾಡಿ ತಾನೇ ಮೇಲಿದೀನಿ ಅಂದ್ಕೊಂಡಿರ್ಬೇಕು. ಮದುವೆ ದಿನ ಹೊಟ್ಟೆನೋವಂತೆ. ಹೊಟ್ಟೆನೋವು! ಎರಡು ಒಳ್ಳೆ ಮಾತು ಬರದ ಮನೇಲಿ ನನ್ನ ಮಗಳು ಹೇಗಪ್ಪಾ ಬಾಳ್ತಾಳೆ ಅಂತ ನಂಗೆ ನಿದ್ದೆ ಇಲ್ಲ.” ಎದುರಿನವನು ಅಲುಗಾಡದೆ ಕೂತಿದ್ದ. ಎಂಥ ತಾಳ್ಮೆ, ಎಂಥ ಸಂಸ್ಕಾರ; ಇಂಥ ಬೀಗರು ಸಿಗಬಾರದಿತ್ತೇ ಎಂದು ಅವನಿಗೆ ಅನಿಸಿತು. ಅದೇ ಓಘದಲ್ಲಿ, ತಾನು ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ, ಬೇಸಿನ್ನಿನ ಕನ್ನಡಿ, ಮಗಳ ಪ್ರಶ್ನೆ, ತನ್ನ ಮೌನ, ಊರಿನ ಬಾಯಿಗಳಲ್ಲೆಲ್ಲ ಕೂರಿಸಿದ ಆ ವಾರೆ ಹಲ್ಲು, ಎಲ್ಲವನ್ನೂ ಹೇಳಿಬಿಟ್ಟ. ಹೆಂಡತಿಗೂ ಹೇಳದ್ದು. ಹೇಳಿ ಮುಗಿದಾಗ ಮುಖ ಮರೆಸಲೆಂದು ಎಂದಿನಂತೆ ಕೆಳಗೆ ನೋಡಿದ.

ಕಂದು ಷೂ. ಒಂದಕ್ಕೆ ಕಂದು ಲೇಸು, ಇನ್ನೊಂದಕ್ಕೆ ಕರಿಯದು.

ಎದುರಿನ ಮನುಷ್ಯ ತನ್ನ ಕನ್ನಡಕ ತೆಗೆದ. ಇವನೂ ತೆಗೆದ. ನೀಲಿ ಛಾಯೆ ಹೋದ ಕೋಣೆಯಲ್ಲಿ ಮೂಲೆಯ ಕುರ್ಚಿಯವನು ಹೋಗಲಿಲ್ಲ. “ನೀವು... ನಿಜವಾದೋರಾ?” ಎಂದು ಬೀಗರು ಕೇಳಿದರು. ಮಾತಿನ ನಡುವೆ ಬಾಯೊಳಗೆ ಟಕ್ಕೆಂದಿತು. ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. “ನಾನು ಇದು ಕೊನೇ ಹಂತದ ಪರೀಕ್ಷೆ ಅಂದ್ಕೊಂಡೆ. ಬೈಯೋ ಗಿರಾಕಿನ ಬಿಟ್ಟಿದಾರೆ, ತಡ್ಕೊಂಡ್ರೆ ಪಾಸು ಅಂತ ಕೂತಿದ್ದೆ. ಏನು ಚೆನ್ನಾಗಿ ಬೈಯತ್ತೆ ಮಿಷಿನ್ನು ಅಂತ...” ಮತ್ತೆ ಟಕ್. ಭೂಮಿ ಬಾಯಿ ಬಿಡಬಾರದೇ ಎಂದು ಅವನಿಗೆ ಅನಿಸಿತು. ಆದರೆ ಆ ಟಕ್ ಶಬ್ದ ಅವನೊಳಗಿನ ಕಸುಬುದಾರನನ್ನು ಎಬ್ಬಿಸಿಬಿಟ್ಟಿತ್ತು. “ಮೇಲಿನ ಸೆಟ್ಟು ಸಡಿಲ ಇದೆಯಲ್ಲ” ಎಂದ. “ಮಾತಾಡಿದ್ರೆ ಜಾರತ್ತೆ. ಒಂದ್ಸಲ ಮೀಟಿಂಗಲ್ಲಿ ಬಿದ್ದೇಹೋಯ್ತು. ಆಮೇಲಿಂದ ಮಾತೇ ಬಿಟ್ಟೆ” ಎಂದು ಬೀಗರು ಕೈ ಅಡ್ಡ ಹಿಡಿದೇ ಹೇಳಿದರು. “ನಿಮ್ಮ ಮನೇಲಿ ಅವತ್ತು, ಹಲ್ಲಿನವರ ಮುಂದೆ ಹೇಗೆ ಬಾಯಿ ಬಿಡೋದು ಅಂತ...” ಇಬ್ಬರ ಫೈಲೂ ಮೇಡಂ ಹತ್ತಿರವೇ ಇದ್ದವು, ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಅವರ ಚಿಕಿತ್ಸೆಯಲ್ಲಿ ಇರಲಿಲ್ಲ. ಇಟ್ಟು ನೋಡಿದ್ದವರು ಇಬ್ಬರು ಅಪ್ಪಂದಿರನ್ನೂ ಒಂದೇ ಕ್ಲಿನಿಕ್ಕಿಗೆ ಸೇರಿಸಿದ್ದ ಮಗಳು, ಅಳಿಯ ಇಬ್ಬರೇ. ಆಣೆ ಮಾಡುವಾಗ ಮಗಳ ಕೈ ಬಾಯಿಗೆ ಹೋದದ್ದು ಯಾಕೆಂದು ಅವನಿಗೆ ಆಗ ತಿಳಿಯಿತು.

ಮಧ್ಯಾಹ್ನವೆಲ್ಲ ಅವನು ಬೀಗರನ್ನು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಅವರ ಹಲ್ಲು ರಿಪೇರಿ ಮಾಡಿದ. ಆ ಕೋಣೆಗೆ ಬಾಯಿ ಸಮೇತ ಬಂದ ಮೊದಲ ಮನುಷ್ಯ ಅವರೇ. ಒಸಡಿನ ಅಳತೆಗೆ ಒಳಗೊಂದು ಹೊಸ ಪದರ ಕೊಡುತ್ತ, ತಲೆ ಎತ್ತದೆ, ಬೆಳಿಗ್ಗೆ ಆಡಿದ ಮಾತಿಗೆಲ್ಲ ತಪ್ಪಾಯಿತು ಎಂದ. ಹಲ್ಲಿಲ್ಲದ ಬೀಗರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕೈಯಾಡಿಸಿ ಹೋಗಲಿ ಬಿಡಿ ಎಂದರು. ಆಮೇಲೆ ಬೆರಳೆತ್ತಿ, ಮೇಜಿನ ಮೇಲಿದ್ದ ತಮ್ಮ ಸೆಟ್ಟಿನ ಎಡಗಡೆ, ಕೋರೆಹಲ್ಲಿನ ಪಕ್ಕದ್ದನ್ನು ಮುಟ್ಟಿ, ಬೆರಳನ್ನು ತುಸು ಓರೆ ಮಾಡಿ ತೋರಿಸಿದರು. ಅವನಿಗೆ ಅರ್ಥವಾಯಿತು. ಆ ಹಲ್ಲನ್ನು ಬಿಡಿಸಿ, ತಿರುಗಿಸಿ, ಒರಗಿಸಿ ಕೂರಿಸುವಾಗ ಕಣ್ಣು ಮಂಜಾಗಿ ಎರಡು ಸಲ ಕೆಲಸ ನಿಲ್ಲಿಸಬೇಕಾಯಿತು. ಮೇಣದ ಹೊಗೆ ಎಂದು ಹೇಳಿದ. ಅಂದು ಮೇಣವನ್ನೇ ಕರಗಿಸಿರಲಿಲ್ಲ.

ಸಂಜೆಯ ಹಾಲ್ ತುಂಬ ಜನ. ಗುಂಡಿ ಒತ್ತದೆಯೇ ಆಕಳಿಸುವವರು, ಕೆಮ್ಮುವವರು, ಬೆನ್ನು ತಿರುಗಿಸಿ ಕೂತವರು. ನಿರೀಕ್ಷೆಯಂತೆ ಮೈಕಾಸುರ ಮೈಕಿಗೆ ಫೂ ಫೂ ಊದಿ, “ನಮ್ಮ ಭಾವನವರು ಊರಿಗೆಲ್ಲ ಬಾಯಿ ಕೊಡ್ತಾರೆ” ಎಂದು ಆರಂಭಿಸಿದ. ಜನ ನಕ್ಕರು. “ಮಾವ, ಸಾಕು. ಅಪ್ಪ ಮಾತಾಡ್ತಾರೆ” ಎಂದು ಮಗಳು ಎದ್ದು ನಿಂತಳು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಅವನು ಏಳಲು ನೋಡಿದ. ಕುರ್ಚಿಯ ಅಂಚಿನವರೆಗೆ ಬಂದು ಅಲ್ಲೇ ಉಳಿದ. ಬೆಳಿಗ್ಗೆಯ ಇನ್ನೂರು ಜನರ ಮುಂದಿನ ಭಾಷಣದಲ್ಲಿ ಒಂದು ಪದವಾದರೂ ನೆನಪಾಗಲೆಂದು ತಡಕಿದ. ಒಂದು ಹಾಸ್ಯವಿತ್ತು ಎಂಬುದಷ್ಟೇ ನೆನಪಾಯಿತು. ಆಗ ಬೀಗರು ದಡಬಡನೆ ಎದ್ದು, ಇವನಿಗೆ ಉಸಿರಾಡಲು ಸಮಯ ಸಿಗಲೆಂದು, ಮೈಕು ತಮ್ಮ ಕೈಗೆ ತೆಗೆದುಕೊಂಡರು. ಎರಡು ಮಾತಾಡಿದರು. ಹಲ್ಲು ಜಾರಲಿಲ್ಲ. ಇನ್ನೆರಡು ಆಡಿದರು. ಟಕ್ಕೆನ್ನಲಿಲ್ಲ. ಅಲ್ಲಿಗೆ ಮುಗಿಯಿತು, ವರ್ಷಗಳಿಂದ ಒಳಗೆ ಸೇರಿದ್ದ ಮಾತೆಲ್ಲ ಕಟ್ಟೆಯೊಡೆದು ಬಂತು. ಮಗನ ಬಾಲ್ಯ ಬಂತು, ತೀರಿಕೊಂಡ ಹೆಂಡತಿ ಬಂದಳು, ಲಿಫ್ಟುಗಳ ಹಗ್ಗ ಬಂತು, ನಡುವೆ ಸಿಕ್ಕಿಕೊಂಡ ಜನರನ್ನು ಸಮಾಧಾನ ಮಾಡುವ ವಿಧಾನವೂ ಬಂತು. ಮೈಕಾಸುರ ಕೈ ಚಾಚಿಕೊಂಡು ಪಕ್ಕದಲ್ಲೇ ನಿಂತು ನಿಂತು ಸೋತ.

ಅವನಿಗೆ ಮೊದಲು ಅನಿಸಿದ್ದು ಬಚಾವಾದೆ ಎಂದು. ಇನ್ನು ಯಾರೂ ತನ್ನನ್ನು ಕರೆಯಲಾರರು. ಐಸ್‌ಕ್ರೀಂ ಬರುತ್ತದೆ, ಜನ ಏಳುತ್ತಾರೆ. ಬೆವರು ಒರೆಸಿಕೊಂಡು ಮಗಳ ಕಡೆ ನೋಡಿದ. ಅವಳು ದೂರದಿಂದಲೇ, ಪರವಾಗಿಲ್ಲಪ್ಪ ಎನ್ನುವ ಹಾಗೆ ತಲೆಯಾಡಿಸಿ, ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದು. ಹನ್ನೆರಡರ ಹುಡುಗಿ ಬೇಸಿನ್ನಿನ ಮುಂದಿನಿಂದ ಹೊರಟುಹೋದಾಗಲೂ ಅವಳ ಬೆನ್ನು ಹೀಗೇ ಅವನನ್ನು ಕ್ಷಮಿಸಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. “ಇನ್ನೊಂದು ವಿಷಯ ಹೇಳಿ ಮುಗಿಸ್ತೀನಮ್ಮ” ಎಂದು ಬೀಗರು ಸೊಸೆಯ ಕಡೆ ತಿರುಗಿದರು. “ನಿಮ್ಮಪ್ಪ ಇವತ್ತು ಬೆಳಿಗ್ಗೆ ನಂಗೊಂದು ಮಾತು ಹೇಳಿದ್ರು. ನಿನ್ನ ಹಲ್ಲಿದೆಯಲ್ಲ...”

“ಬೀಗರೇ!”

ತನ್ನ ದನಿಯೇ ಎಂದು ಅವನಿಗೆ ಗೊತ್ತಾಗಲು ತಡವಾಯಿತು. ಎದ್ದದ್ದೂ, ನಡೆದದ್ದೂ, ಅವರ ಕೈಯಿಂದ ಮೈಕು ಹೆಚ್ಚುಕಡಿಮೆ ಕಿತ್ತುಕೊಂಡದ್ದೂ ಆಗಿಹೋಗಿತ್ತು. “ಅದು ನಾನು ಹೇಳ್ಬೇಕಾದ್ದು” ಎಂದ. ಮೈಕನ್ನು ಎರಡೂ ಕೈಯಿಂದ ಅವುಚಿ ಹಿಡಿದ. ಮೇಡಂ ಕಲಿಸಿದ ಉಸಿರಾಟ, ನಿಲುವು, ಕಣ್ಣಿನ ಸಂಪರ್ಕ ಒಂದೂ ಉಳಿದಿರಲಿಲ್ಲ. “ನನ್ನ ಮಗಳಿಗೆ ಎಡಗಡೆ ಒಂದು ಹಲ್ಲು ವಾರೆ ಇದೆ.” ಹೆಂಡತಿ ಹಣೆ ಚಚ್ಚಿಕೊಂಡಳು. ಮಗಳ ಕೈ ಸರಕ್ಕನೆ ಬಾಯಿಗೆ ಹೋಯಿತು. “ಚಿಕ್ಕೋಳಿದ್ದಾಗ ಕೇಳಿದ್ಲು, ಅಪ್ಪಾ ಚೆನ್ನಾಗಿಲ್ವಾ ಅಂತ. ನಾನು... ನಾನು ಉತ್ತರ ಕೊಡ್ಲಿಲ್ಲ. ಬರ್ಲಿಲ್ಲ ನಂಗೆ. ಅದು ಎಷ್ಟು ಚೆನ್ನಾಗಿತ್ತು ಅಂದ್ರೆ, ಅವತ್ತಿಂದ ನಾನು ಕಟ್ಟಿದ ಒಂದೊಂದು ಸೆಟ್ಟಲ್ಲೂ ಅದನ್ನೇ ಕೂರಿಸಿದೀನಿ. ಈ ಊರಲ್ಲಿ ಅರ್ಧ ಜನ ನಗೋದು ನಿನ್ನ ಹಲ್ಲಿಂದ ಕಣಮ್ಮ. ನಿನ್ನ ಇಬ್ರು ಮಾವಂದಿರದೂ ಅದೇ. ನೋಡು ಬೇಕಾದ್ರೆ.”

ಹಲ್ಲು ಕಿರಿಯುತ್ತ ನಿಂತಿದ್ದ ಮೈಕಾಸುರ ಗಪ್ಪನೆ ಬಾಯಿ ಮುಚ್ಚಿದ. ಸಮಾರಂಭವೊಂದರಲ್ಲಿ ಅವನ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಅಲ್ಲಲ್ಲಿ ಕೂತಿದ್ದ ಮುದುಕರು ನಾಲಿಗೆಯಿಂದ ತಮ್ಮ ತಮ್ಮ ಎಡಗಡೆಯನ್ನು ತಡವಿ ನೋಡಿಕೊಳ್ಳತೊಡಗಿದರು. ಕೆನ್ನೆಗಳು ಒಂದೊಂದಾಗಿ ಉಬ್ಬಿದವು. ಬೀಗರು ಎಲ್ಲರಿಗೂ ಕಾಣುವ ಹಾಗೆ ಹಲ್ಲು ಬಿಟ್ಟು, ಬೆರಳಿಟ್ಟು ತೋರಿಸಿದರು. ಯಾರೋ ಕಿಸಕ್ಕೆಂದರು, ಹಾಲ್‌ಗೆ ಹಾಲೇ ಹೋ ಎಂದಿತು. ಮಗಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಬಾಯಿಯನ್ನು ಬಿಟ್ಟು ಮೇಲೆ ಹೋಯಿತು, ಅಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಅಡ್ಡವಿಲ್ಲದ ಬಾಯಿ, ಅಷ್ಟು ವರ್ಷ ಕಾಣದ ಆ ಹಲ್ಲು. ಅವನು ಮೈಕು ಕೆಳಗಿಳಿಸಿ, ಕಸುಬಿನ ಕಣ್ಣಿನಿಂದ, ಕಣ್ತುಂಬ ನೋಡಿದ. ಊರಿನ ಅರ್ಧ ಬಾಯಿಗಳಲ್ಲಿ ತಾನು ಅದನ್ನು ಒಂಚೂರು ಹೆಚ್ಚೇ ವಾರೆಯಾಗಿ ಕೂರಿಸಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು.